ಹಠಾತ್ ಸಾವು ಎಷ್ಟು ಹಠಾತ್?

2025ರ ಜೂನ್ ತಿಂಗಳು ಹಾಸನ ಜಿಲ್ಲೆಯ ಪಾಲಿಗೆ ಭೀತಿಯ ತಿಂಗಳಾಗಿತ್ತು. ಸುಮಾರು ನಲ್ವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿಯಾಗಿದ್ದಾರೆಂಬ ಸುದ್ದಿ ಹರಡಿತು. ಅವರಲ್ಲಿ ಯುವಕರೂ ಇದ್ದರು. ಟಿ.ವಿ. ಚಾನೆಲ್‌ಗಳು ಸಾವಿನ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನಂತೆ ದಿನದಿನವೂ ಬಿತ್ತರಿಸಿದುವು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನರು ಮುಂಜಾನೆಯಿಂದಲೇ ಸರತಿಯಲ್ಲಿ ನಿಂತರು. ಇದರ ನಡುವೆ ರಾಜಕೀಯವೂ ಪ್ರವೇಶ ಪಡೆಯಿತು. ಕೊರೋನಾ ಲಸಿಕೆಗೆ ಆತುರದಿಂದ ಅನುಮತಿ ನೀಡಿದ್ದೂ ಈ ಸಾವುಗಳಿಗೆ ಒಂದು ಕಾರಣವಾಗಿರಬಹುದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿಕೆ ನೀಡಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ದೆಹಲಿಯ ಏಮ್ಸ್ ನಡೆಸಿದ ಅಧ್ಯಯನಗಳಲ್ಲಿ ಅಂಥ ನಂಟು ಕಂಡುಬಂದಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಉತ್ತರಿಸಿತು. ಆ ಬಳಿಕ ಕೆಲವು ದಿನ ಚರ್ಚೆಯೆಲ್ಲ ಲಸಿಕೆಯ ಸುತ್ತಲೇ ಗಿರಕಿ ಹೊಡೆಯಿತು.

ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರಕಾರವು ತಜ್ಞರ ಸಮಿತಿಯೊಂದನ್ನು ನೇಮಿಸಿತು. ಜುಲೈ ತಿಂಗಳಲ್ಲಿ ಸಮಿತಿಯ ವರದಿ ಬಂತು. ಹಾಸನದಲ್ಲಿ ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲ, ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೂ ಹೃದಯಕ್ಕೂ ಸಂಬಂಧವೇ ಇಲ್ಲ, ಉಳಿದವರಲ್ಲಿ ಕಂಡುಬಂದುದು ಮಧುಮೇಹ, ರಕ್ತದೊತ್ತಡ, ತಂಬಾಕು, ಕುಟುಂಬದ ಹಿನ್ನೆಲೆಯಂಥ ಹಳೆಯ ಕಾರಣಗಳೇ ಎಂಬುದು ಅದರ ಸಾರಾಂಶ. ವರದಿ ಬಂದದ್ದೇ ತಡ, ಕ್ಯಾಮರಾಗಳು ಹಾಸನದಿಂದ ಕಾಲ್ಕಿತ್ತವು. ಯಾಕೆಂದರೆ ಹಳೆಯ ಕಾರಣಗಳಲ್ಲಿ ಸುದ್ದಿಯಿಲ್ಲ. ಅಸಹಜ ಏರಿಕೆ ಇಲ್ಲ ಎಂಬ ವಾಕ್ಯವನ್ನು ಎಲ್ಲರೂ ಸಮಾಧಾನದ ಸುದ್ದಿಯೆಂದೇ ಓದಿಕೊಂಡರು. ವಸ್ತುತಃ ಅದು ಸಮಾಧಾನದ ವಾಕ್ಯವೇ? ನಲ್ವತ್ತರ ಹರೆಯದ ಮಂದಿ ಹೃದಯಾಘಾತದಿಂದ ಸಾಯುವುದು ನಮ್ಮಲ್ಲಿ ಸಹಜವಾಗಿಬಿಟ್ಟಿದೆ ಎಂದಲ್ಲವೇ ಅದರ ಅರ್ಥ?

ಇಲ್ಲಿ ಒಂದು ಪದದ ಬಗ್ಗೆ ಚರ್ಚೆಯ ಅಗತ್ಯವಿದೆ. ಹಠಾತ್ ಹೃದಯಾಘಾತ ಎಂದು ನಾವು ಹೇಳುತ್ತೇವೆ. ನಿನ್ನೆ ರಾತ್ರಿ ಅಂಗಡಿಯ ಲೆಕ್ಕ ನೋಡಿ ಮಲಗಿದವರು ಇಂದು ಇಲ್ಲ ಎಂದು ಮರುಗುತ್ತೇವೆ. ಸಾವು ಹಠಾತ್ ಆಗಿ ಬಂದುದು ನಿಜ. ಆದರೆ ಅದಕ್ಕೆ ಕಾರಣವಾದ ರೋಗ ಹಠಾತ್ ಆಗಿ ಬಂದುದಲ್ಲ. ಅದು ಹದಿನೈದು-ಇಪ್ಪತ್ತು ವರ್ಷಗಳಿಂದ ಅದೇ ಮನೆಯಲ್ಲಿ, ಅದೇ ಊಟದ ಸುಪ್ರಾದಲ್ಲಿ, ಅದೇ ಅಂಗಡಿಯ ಕುರ್ಚಿಯಲ್ಲಿ ಜೊತೆಗೇ ಕುಳಿತಿತ್ತು. ಅದನ್ನು ಗುರುತಿಸುವ ದಾರಿಗಳಿದ್ದವು. ದುರಂತವೇನೆಂದರೆ, ಆ ದಾರಿಗಳ ಬಗ್ಗೆ ನಮ್ಮ ನಡುವೆ ಎರಡು ಅರ್ಧಸತ್ಯಗಳು ಓಡಾಡುತ್ತಿವೆ. ಕೊಲೆಸ್ಟರಾಲ್ ನಾರ್ಮಲ್ ಇದ್ದರೆ ಹೃದಯಕ್ಕೆ ಅಪಾಯವಿಲ್ಲ ಎಂಬುದು ಒಂದು. ಕೊಲೆಸ್ಟರಾಲ್ ಎಂಬುದೇ ಔಷಧ ಕಂಪೆನಿಗಳ ಕಟ್ಟುಕಥೆ ಎಂಬುದು ಇನ್ನೊಂದು. ಇವೆರಡೂ ಜೀವ ತೆಗೆಯುತ್ತಿವೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಅದನ್ನು ರಕ್ತದಲ್ಲಿ ಸಾಗಿಸಲು ದೇಹವು ಪ್ರೋಟೀನ್ ಹೊದಿಕೆಯ ಸೂಕ್ಷ್ಮ ಕಣಗಳನ್ನು ಬಳಸುತ್ತದೆ. ಅವುಗಳಲ್ಲಿ ಎಲ್‌ಡಿಎಲ್ ಎಂಬ ಕಣ ಮುಖ್ಯವಾದುದು. ಇವು ರಕ್ತದಲ್ಲಿ ಹೆಚ್ಚಾದಂತೆಲ್ಲ ಧಮನಿಯ ಒಳಗೋಡೆಯನ್ನು ಹೊಕ್ಕು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅವುಗಳನ್ನು ನುಂಗಲು ಬಂದ ಬಿಳಿ ರಕ್ತಕಣಗಳೂ ಅಲ್ಲೇ ಬಿದ್ದು ಉರಿಯೂತವಾಗುತ್ತದೆ. ವರ್ಷಗಳು ಉರುಳಿದಂತೆ ಗೋಡೆಯೊಳಗೆ ಕೊಬ್ಬಿನ ಗಡ್ಡೆಯೊಂದು ಬೆಳೆಯುತ್ತದೆ. ಒಂದು ದಿನ ಅದರ ತೆಳುವಾದ ಮುಚ್ಚಳ ಬಿರಿಯುತ್ತದೆ. ಗಾಯವಾಯಿತೆಂದು ಬಗೆದು ರಕ್ತವು ಅಲ್ಲಿ ಹೆಪ್ಪುಗಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ನಾಳ ಮುಚ್ಚಿ, ಹೃದಯದ ಸ್ನಾಯುಗಳು ಸಾಯಲಾರಂಭಿಸುತ್ತವೆ. ಈ ಕೊನೆಯ ಅಂಕ ಮಾತ್ರ ಹಠಾತ್. ನಾಟಕ ಶುರುವಾಗಿ ಎಷ್ಟೋ ಕಾಲವಾಗಿರುತ್ತದೆ.

ಇದು ಊಹೆಯಲ್ಲ. ಅಮೇರಿಕದ ಮೆಸಾಚುಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಂ ಎಂಬ ಪಟ್ಟಣದ 5,209 ಸ್ತ್ರೀಪುರುಷರನ್ನು 1948ರಿಂದ ವೈದ್ಯರು ನಿರಂತರವಾಗಿ ಪರೀಕ್ಷಿಸುತ್ತಾ ಬಂದರು. ಯಾರಿಗೆ ಹೃದಯಾಘಾತವಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದನ್ನು ಕಾದು ನೋಡಿದರು. ಕೊಲೆಸ್ಟರಾಲ್ ಮತ್ತು ರಕ್ತದೊತ್ತಡ ಹೆಚ್ಚಿದ್ದವರಿಗೆ ಅಪಾಯವೂ ಹೆಚ್ಚು ಎಂಬುದನ್ನು 1961ರಲ್ಲಿ ಅವರು ಪ್ರಕಟಿಸಿದರು. ಕೊಲೆಸ್ಟರಾಲ್ ಜೊತೆಗಿದ್ದ ಮಾತ್ರಕ್ಕೆ ಅದೇ ಕಾರಣ ಎನ್ನಬಹುದೇ ಎಂಬ ಪ್ರಶ್ನೆ ಆಗಲೂ ಉಳಿದಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತ ಹೆಚ್ಚಿರುವ ಮಕ್ಕಳಿಂದ. ಈ ಮಕ್ಕಳು ಸಿಗರೇಟು ಸೇದಿದವರಲ್ಲ, ಮಧುಮೇಹಿಗಳಲ್ಲ. ಆದರೂ ಅವರಲ್ಲಿ ಕೆಲವರು ಹದಿನೈದು ತುಂಬುವ ಮೊದಲೇ ಹೃದಯಾಘಾತಕ್ಕೆ ತುತ್ತಾಗುತ್ತಿದ್ದರು. ಎಲ್‌ಡಿಎಲ್ ಅನ್ನು ರಕ್ತದಿಂದ ಹೀರಿಕೊಳ್ಳುವ ಕೊಂಡಿಯೊಂದು ಜೀವಕೋಶಗಳ ಮೇಲಿರುತ್ತದೆ. ಈ ಮಕ್ಕಳಲ್ಲಿ ಅದೇ ಕೆಟ್ಟಿರುತ್ತದೆ ಎಂಬುದನ್ನು ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಎಂಬ ವೈದ್ಯರು ಪತ್ತೆ ಹಚ್ಚಿದರು. 1985ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಬೇರಾವ ಕಾರಣವಿಲ್ಲದೆಯೂ ಎಲ್‌ಡಿಎಲ್ ಒಂದೇ ಹೃದಯವನ್ನು ಕೊಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಹಾಗಿದ್ದರೆ, ರಿಪೋರ್ಟಿನಲ್ಲಿ ಎಲ್‌ಡಿಎಲ್ ಸರಿಯಿದ್ದವರಿಗೂ ಹೃದಯಾಘಾತವಾಗುವುದೇಕೆ? ನಮ್ಮ ಕುಟುಂಬಗಳಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆಯಿದು. ಉತ್ತರಕ್ಕಾಗಿ ಚಯಾಪಚಯವನ್ನು, ಅಂದರೆ ಉಂಡ ಅನ್ನವನ್ನು ದೇಹವು ಶಕ್ತಿಯಾಗಿ ಬಳಸುವ ಮತ್ತು ಉಳಿದುದನ್ನು ಕೂಡಿಡುವ ವ್ಯವಸ್ಥೆಯನ್ನು ಗಮನಿಸಬೇಕು. ಈ ವ್ಯವಸ್ಥೆಯ ಯಜಮಾನನ ಹೆಸರು ಇನ್ಸುಲಿನ್. ದುಡಿಮೆಯಿಲ್ಲದ ದೇಹಕ್ಕೆ ಅನ್ನ, ಮೈದಾ ಮತ್ತು ಸಕ್ಕರೆಯನ್ನು ಮೇಲಿಂದ ಮೇಲೆ ತುಂಬುತ್ತಾ ಹೋದರೆ ಹೊಟ್ಟೆಯ ಒಳಗೆ, ಲಿವರಿನ ಸುತ್ತಮುತ್ತ ಕೊಬ್ಬು ಶೇಖರವಾಗುತ್ತದೆ. ಆಗ ಜೀವಕೋಶಗಳು ಇನ್ಸುಲಿನ್‌ನ ಮಾತನ್ನು ಕೇಳುವುದನ್ನು ನಿಲ್ಲಿಸುತ್ತವೆ. ಲಿವರ್ ತನ್ನ ಹೆಚ್ಚುವರಿ ಕೊಬ್ಬನ್ನು ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ತುಂಬುತ್ತದೆ. ಟ್ರೈಗ್ಲಿಸರೈಡ್ ಏರಿದಂತೆ ಒಳ್ಳೆಯ ಕೊಲೆಸ್ಟರಾಲ್ ಎಂದು ಕರೆಯಲಾಗುವ ಎಚ್‌ಡಿಎಲ್ ಇಳಿಯುತ್ತದೆ. ರಕ್ತದೊತ್ತಡ ಮತ್ತು ಸಕ್ಕರೆ ಮೆಲ್ಲನೆ ಏರುತ್ತವೆ. ಈ ಎಲ್ಲ ಕೆಡುಕುಗಳು ಒಂದೇ ಬೇರಿನ ಕೊಂಬೆಗಳೆಂದು 1988ರಲ್ಲಿ ಮಂಡಿಸಿದವರು ಅಮೇರಿಕದ ಜೆರಾಲ್ಡ್ ರೀವನ್. ಅಂದು ಅವರು ಇದನ್ನು ಸಿಂಡ್ರೋಮ್ ಎಕ್ಸ್ ಎಂದು ಕರೆದರು. ಇಂದು ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ.

ಇಲ್ಲೇ ರಿಪೋರ್ಟು ನಮ್ಮನ್ನು ವಂಚಿಸುವುದು. ಲ್ಯಾಬಿನ ಕಾಗದದಲ್ಲಿರುವ ಎಲ್‌ಡಿಎಲ್ ಸಂಖ್ಯೆ ಕಣಗಳ ಎಣಿಕೆಯಲ್ಲ, ಕಣಗಳೊಳಗಿನ ಕೊಲೆಸ್ಟರಾಲಿನ ತೂಕ. ಇನ್ಸುಲಿನ್ ಸೋತವರಲ್ಲಿ ಈ ಕಣಗಳು ಸಣ್ಣದಾಗಿರುತ್ತವೆ, ಸಂಖ್ಯೆಯಲ್ಲಿ ಹೆಚ್ಚಿರುತ್ತವೆ. ಸರಕಿನ ತೂಕ ಅಷ್ಟೇ, ಆದರೆ ಎರಡು ಲಾರಿಗಳ ಬದಲು ರಸ್ತೆಗಿಳಿದದ್ದು ಹತ್ತು ರಿಕ್ಷಾಗಳು. ಗೋಡೆಗೆ ಗುದ್ದುವುದು ಸರಕಲ್ಲ, ವಾಹನ. ಉದಾಹರಣೆಗೆ ಒಂದು ರಿಪೋರ್ಟನ್ನು ಊಹಿಸಿಕೊಳ್ಳಿ. ಒಟ್ಟು ಕೊಲೆಸ್ಟರಾಲ್ 178, ಎಚ್‌ಡಿಎಲ್ 30, ಟ್ರೈಗ್ಲಿಸರೈಡ್ 250. ಸಾಮಾನ್ಯ ಲ್ಯಾಬಿನ ಲೆಕ್ಕದಂತೆ ಎಲ್‌ಡಿಎಲ್ 98 ಬರುತ್ತದೆ. ಒಟ್ಟು ಕೊಲೆಸ್ಟರಾಲ್ 200ರ ಒಳಗಿದೆ, ಎಲ್‌ಡಿಎಲ್ 100ರ ಒಳಗಿದೆ, ಎಲ್ಲವೂ ನಾರ್ಮಲ್ ಎಂದು ಮನೆಯವರು ಕಾಗದವನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಈಗ ಒಟ್ಟು 178ರಿಂದ ಎಚ್‌ಡಿಎಲ್‌ನ 30ನ್ನು ಕಳೆಯಿರಿ. ಉಳಿಯುವುದು 148. ಇದಕ್ಕೆ ನಾನ್-ಎಚ್‌ಡಿಎಲ್ ಎನ್ನುತ್ತಾರೆ. ಧಮನಿಯ ಗೋಡೆಗೆ ಅಂಟುವ ಎಲ್ಲ ಕಣಗಳ ಕೊಲೆಸ್ಟರಾಲ್ ಇದರಲ್ಲಿ ಸೇರಿರುತ್ತದೆ. ಆರೋಗ್ಯವಂತರಲ್ಲೂ ಅದು 130ಕ್ಕಿಂತ ಕಡಿಮೆ ಇರಬೇಕು. ನಾರ್ಮಲ್ ಎಂದು ಕಪಾಟು ಸೇರಿದ ಕಾಗದದಲ್ಲಿ ಅಪಾಯದ ಸೂಚನೆ ಇತ್ತು. ಓದುವವರಿರಲಿಲ್ಲ ಅಷ್ಟೆ.

ಇಂಥ ರಿಪೋರ್ಟು ನಮ್ಮಲ್ಲಿ ಅಪರೂಪದ್ದೂ ಅಲ್ಲ. ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದಾದ್ಯಂತ ನಡೆಸುತ್ತಾ ಬಂದಿರುವ ಇಂಡಿಯಾಬ್ ಸಮೀಕ್ಷೆಯ 2014ರ ವರದಿಯಲ್ಲಿ ಪರೀಕ್ಷೆಗೊಳಗಾದವರ ಪೈಕಿ ಎಲ್‌ಡಿಎಲ್ ಹೆಚ್ಚಿದ್ದವರು ಸುಮಾರು 12 ಶೇಕಡಾ ಮಾತ್ರ. ಆದರೆ ಎಚ್‌ಡಿಎಲ್ ಕಡಿಮೆಯಿದ್ದವರು 72 ಶೇಕಡಾ. ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಸುಮಾರು 30 ಶೇಕಡಾ. ಅದೇ ಸಮೀಕ್ಷೆಯ 2023ರ ಅಂದಾಜಿನ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ. ಮಧುಮೇಹದ ಹೊಸ್ತಿಲಲ್ಲಿ ನಿಂತವರು ಮತ್ತೆ ಹದಿಮೂರೂವರೆ ಕೋಟಿ. ಅಂದರೆ ಎಲ್‌ಡಿಎಲ್ ಒಂದನ್ನೇ ನೋಡಿ ಸರ್ಟಿಫಿಕೇಟ್ ನೀಡುವ ಪದ್ಧತಿ ಈ ದೇಶದ ದೇಹಗಳಿಗೆ ಹೊಂದುವಂಥದ್ದಲ್ಲ.

ತೆಳ್ಳಗಿರುವವರಿಗೆ ಭಯವಿಲ್ಲ ಎಂಬ ನಂಬಿಕೆಯೂ ಹೀಗೆಯೇ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ತುಲನೆ ಮಾಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದ್ದೂ 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ಯಡ್ಕಿನ್ ಅವರ ದೇಹದಲ್ಲಿ ಕೊಬ್ಬು 9.1 ಶೇಕಡಾ ಇದ್ದರೆ ಯಾಜ್ಞಿಕ್ ಅವರಲ್ಲಿ 21.2 ಶೇಕಡಾ ಇತ್ತು. ನಮ್ಮವರ ಕೊಬ್ಬು ಕೈಕಾಲುಗಳಲ್ಲಿ ಕಾಣಿಸದೆ ಹೊಟ್ಟೆಯಲ್ಲಿ ಅಡಗುತ್ತದೆ. ಆದ್ದರಿಂದಲೇ ದಕ್ಷಿಣ ಏಷ್ಯಾದ ಪುರುಷರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಮತ್ತು ಮಹಿಳೆಯರಿಗೆ 80 ಸೆಂಟಿಮೀಟರ್ ಮೀರಬಾರದೆಂಬ ಮಿತಿಯನ್ನು ಹಾಕಲಾಗಿದೆ. ತಕ್ಕಡಿಗಿಂತ ದರ್ಜಿಯ ಟೇಪು ಇಲ್ಲಿ ಹೆಚ್ಚು ಪ್ರಾಮಾಣಿಕ.

ಹೃದಯಾಘಾತವು ವಿಧಿಯೋ, ಬದುಕಿನ ರೀತಿಯೋ ಎಂಬ ಪ್ರಶ್ನೆಯನ್ನು ಜಗತ್ತಿನ ಮಟ್ಟದಲ್ಲಿ ಕೈಗೆತ್ತಿಕೊಂಡ ಅಧ್ಯಯನವೊಂದಿದೆ. ಅದರ ಹೆಸರು ಇಂಟರ್‌ಹಾರ್ಟ್. ಅದರ ನೇತೃತ್ವ ವಹಿಸಿದವರು ಕೇರಳ ಮೂಲದ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್. 52 ದೇಶಗಳಲ್ಲಿ ಮೊದಲ ಬಾರಿ ಹೃದಯಾಘಾತಕ್ಕೊಳಗಾದ ಸುಮಾರು 15 ಸಾವಿರ ಮಂದಿಯನ್ನು ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಆರೋಗ್ಯವಂತರೊಂದಿಗೆ ಹೋಲಿಸಿ 2004ರಲ್ಲಿ ಅವರು ವರದಿ ಪ್ರಕಟಿಸಿದರು. ರಕ್ತದ ಕೊಬ್ಬಿನ ಏರುಪೇರು, ತಂಬಾಕು, ಮಧುಮೇಹ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಕೊರತೆ ಮತ್ತು ಮದ್ಯಪಾನದ ರೂಢಿ ಎಂಬ ಒಂಭತ್ತು ಅಂಶಗಳು ಪುರುಷರಲ್ಲಿ 90 ಶೇಕಡಾ ಮತ್ತು ಮಹಿಳೆಯರಲ್ಲಿ 94 ಶೇಕಡಾ ಅಪಾಯಕ್ಕೆ ಕಾರಣವೆಂದು ಅದು ತೋರಿಸಿಕೊಟ್ಟಿತು. ಇವುಗಳಲ್ಲಿ ಮೊದಲ ಸ್ಥಾನ ರಕ್ತದ ಕೊಬ್ಬಿಗೆ, ಎರಡನೆಯದು ತಂಬಾಕಿಗೆ. ಇದರ ಮುಂದುವರಿದ ಭಾಗವಾಗಿ 2007ರಲ್ಲಿ ಪ್ರಕಟವಾದ ವರದಿಯಲ್ಲಿ ನಮಗೆ ನೇರವಾಗಿ ಸಂಬಂಧಿಸಿದ ಅಂಕಿಯೊಂದಿದೆ. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ಇತರ ದೇಶಗಳಲ್ಲಿ ಸುಮಾರು 59 ವರ್ಷವಾದರೆ ದಕ್ಷಿಣ ಏಷ್ಯಾದಲ್ಲಿ 53 ವರ್ಷ. ಆರು ವರ್ಷಗಳ ಈ ಅಂತರ ಕೇವಲ ಅಂಕಿಯೇ? ಒಂದು ಕುಟುಂಬದ ಮಟ್ಟಿಗೆ ಅದು ಮಗಳ ನಿಕಾಹ್ ಆಗಿರಬಹುದು, ಮಗನ ಪದವಿ ಶಿಕ್ಷಣವಾಗಿರಬಹುದು, ಅರ್ಧಕ್ಕೆ ನಿಂತ ಮನೆಯ ತಾರಸಿಯಾಗಿರಬಹುದು.

ಇನ್ನು ಎರಡನೆಯ ಅರ್ಧಸತ್ಯಕ್ಕೆ ಬರೋಣ. ಸಕ್ಕರೆಯೊಂದೇ ಖಳನಾಯಕ, ಕೊಲೆಸ್ಟರಾಲ್ ನಿರಪರಾಧಿ, ಮಾತ್ರೆಗಳೆಲ್ಲ ಕಂಪೆನಿಗಳ ಸಂಚು ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿವೆ. ಔಷಧ ಕಂಪೆನಿಗಳು ಲಾಭಕ್ಕಾಗಿ ಇರುವಂಥವು ಎಂಬುದರಲ್ಲಿ ತಕರಾರಿಲ್ಲ. ಅವುಗಳ ಬಗ್ಗೆ ಸಂಶಯವಿರುವುದು ಆರೋಗ್ಯಕರವೇ. ಆದರೆ ಸಂಶಯವೇ ಪುರಾವೆಯಾಗದು. ಸ್ಟಾಟಿನ್ ಎಂಬ ಮಾತ್ರೆಯ ಮೂಲ 1973ರಲ್ಲಿ ಜಪಾನಿನ ಅಕಿರಾ ಎಂಡೋ ಎಂಬ ವಿಜ್ಞಾನಿಗೆ ಸಿಕ್ಕಿದ್ದು ಬೂಷ್ಟಿನಿಂದ, ಪೆನ್ಸಿಲಿನ್ ಸಿಕ್ಕಿದ ಅದೇ ಜಾತಿಯ ಬೂಷ್ಟಿನಿಂದ. 1994ರಲ್ಲಿ ಉತ್ತರ ಯುರೋಪಿನ ದೇಶಗಳ 4,444 ಹೃದ್ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಹೊರಬಂತು. ಅರ್ಧದಷ್ಟು ಮಂದಿಗೆ ಸ್ಟಾಟಿನ್, ಇನ್ನರ್ಧಕ್ಕೆ ಅದರಂತೆಯೇ ಕಾಣುವ ಪೊಳ್ಳು ಮಾತ್ರೆ. ಐದು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಪೊಳ್ಳು ಮಾತ್ರೆಯವರಲ್ಲಿ 256 ಮಂದಿ ಸತ್ತರೆ ಸ್ಟಾಟಿನ್ ತೆಗೆದುಕೊಂಡವರಲ್ಲಿ 182 ಮಂದಿ ಸತ್ತರು. ಆ ನಂತರದ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದಂತೆಲ್ಲ ಹೃದಯಾಘಾತ ಮತ್ತು ಪಾರ್ಶ್ವವಾಯುವಿನಂಥ ಅವಘಡಗಳು ಐದನೇ ಒಂದರಷ್ಟು ಕಡಿಮೆಯಾಗುವುದು ಕಂಡುಬಂದಿದೆ.

ಸ್ಟಾಟಿನ್‌ಗೆ ಅಡ್ಡ ಪರಿಣಾಮಗಳಿಲ್ಲವೇ? ಇವೆ. ಮಧುಮೇಹದ ಅಂಚಿನಲ್ಲಿರುವ ಕೆಲವರಲ್ಲಿ ಸಕ್ಕರೆ ತುಸು ಏರುತ್ತದೆ. ಕೆಲವರಿಗೆ ಸ್ನಾಯು ನೋವು ಬರುತ್ತದೆ. ಆದರೆ 2020ರಲ್ಲಿ ಬ್ರಿಟನ್ನಿನ ವೈದ್ಯರು ಕುತೂಹಲಕರ ಸಂಗತಿಯೊಂದನ್ನು ಬಹಿರಂಗಪಡಿಸಿದರು. ಅಡ್ಡ ಪರಿಣಾಮವಾಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಪೊಳ್ಳು ಮಾತ್ರೆ ಕೊಟ್ಟು ನೋಡಿದಾಗ, ಸ್ಟಾಟಿನ್‌ನಿಂದಾದ ತೊಂದರೆಯ 90 ಶೇಕಡಾದಷ್ಟು ಪೊಳ್ಳು ಮಾತ್ರೆಯಿಂದಲೂ ಉಂಟಾಯಿತು. ಅಂದರೆ ಬಹುಪಾಲು ನೋವನ್ನು ಹುಟ್ಟಿಸಿದ್ದು ಭಯ. ಆ ಭಯವನ್ನು ಹಂಚುವವರು ಒಂದು ಸಂದೇಶ ಒತ್ತಿ ಮುಂದಕ್ಕೆ ಹೋಗುತ್ತಾರೆ. ಅದನ್ನು ನಂಬಿ ಸ್ಟೆಂಟ್ ಹಾಕಿಸಿಕೊಂಡ ವ್ಯಕ್ತಿ ಮಾತ್ರೆ ನಿಲ್ಲಿಸಿದರೆ ಅದಕ್ಕೆ ಬೆಲೆ ತೆರುವವರು ಆತನ ಪತ್ನಿ ಮತ್ತು ಮಕ್ಕಳು. ಕೇಳಿದ್ದನ್ನೆಲ್ಲ ಪರಿಶೀಲಿಸದೆ ಹರಡುವುದು ಯಾವ ವಿಷಯದಲ್ಲೂ ಸಲ್ಲದು. ಜೀವದ ವಿಷಯದಲ್ಲಂತೂ ಸಲ್ಲಲೇಬಾರದು.

ಹಾಗಂತ ಮಾತ್ರೆ ನುಂಗಿ ನಿಶ್ಚಿಂತೆಯಿಂದ ಉಣ್ಣಬಹುದೇ? ಅದೂ ಸಾಧ್ಯವಿಲ್ಲ. ಎಚ್‌ಡಿಎಲ್ ಅನ್ನು ಏರಿಸುವ ಟಾರ್ಸೆಟ್ರಪಿಬ್ ಎಂಬ ಔಷಧವನ್ನು ಕಂಪೆನಿಯೊಂದು ಬಹಳ ನಿರೀಕ್ಷೆಯಿಂದ ಪ್ರಯೋಗಿಸಿತು. ಎಚ್‌ಡಿಎಲ್ ಏರಿತು, ಆದರೆ ಸಾವುಗಳೂ ಏರಿದುವು. 2006ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಟ್ರೈಗ್ಲಿಸರೈಡ್ ಇಳಿಸುವ ಪೆಮಾಫೈಬ್ರೇಟ್ ಎಂಬ ಔಷಧ ಆ ಸಂಖ್ಯೆಯನ್ನು ಇಳಿಸಿತಾದರೂ ಮಧುಮೇಹಿಗಳ ಹೃದಯಾಘಾತವನ್ನು ತಡೆಯಲಿಲ್ಲ ಎಂಬುದು 2022ರ ಅಧ್ಯಯನದಲ್ಲಿ ತಿಳಿದುಬಂತು. ಇದರಿಂದ ಸಿಗುವ ಪಾಠ ಸ್ಪಷ್ಟ. ಎಲ್‌ಡಿಎಲ್ ನೇರ ಅಪರಾಧಿ, ಅದನ್ನು ಇಳಿಸಿದಷ್ಟೂ ಒಳಿತು. ಇಳಿದ ಎಚ್‌ಡಿಎಲ್ ಮತ್ತು ಏರಿದ ಟ್ರೈಗ್ಲಿಸರೈಡ್ ಮನೆಯೊಳಗೆ ಬೆಂಕಿ ಹತ್ತಿದುದನ್ನು ತಿಳಿಸುವ ಹೊಗೆ. ಹೊಗೆಗೆ ಬೀಸಣಿಗೆ ಬೀಸಿದರೆ ಬೆಂಕಿ ಆರದು. ಅದನ್ನು ಆರಿಸಲು ಹೊಟ್ಟೆಯ ಬೊಜ್ಜು ಕರಗಬೇಕು, ಕಾಲುಗಳು ನಡೆಯಬೇಕು, ತಟ್ಟೆ ಬದಲಾಗಬೇಕು.

ತಟ್ಟೆಯ ವಿಷಯ ಬಂದಾಗ ನಾವು ಪ್ರಾಮಾಣಿಕರಾಗಬೇಕು. ಮುಸ್ಲಿಮರ ಮನೆಯ ಊಟವೆಂದರೆ ಮಾಂಸ, ಹೃದ್ರೋಗವೆಂದರೆ ಮಾಂಸ ಎಂಬ ಸರಳ ಸಮೀಕರಣ ಹೊರಗಿನವರಲ್ಲಿದೆ. ಅದು ಸರಿಯಲ್ಲ. ಶುದ್ಧ ಸಸ್ಯಾಹಾರಿಗಳೂ ಇದೇ ಆಸ್ಪತ್ರೆಯ ಇದೇ ಸಾಲಿನಲ್ಲಿದ್ದಾರೆ. ಆದರೆ ಈ ಉತ್ತರ ಕೊಟ್ಟು ನಾವು ಪಾರಾಗುವಂತಿಲ್ಲ. ತುಪ್ಪ, ಡಾಲ್ಡಾ ಮತ್ತು ಮಾಂಸದ ಕೊಬ್ಬು ಎಲ್‌ಡಿಎಲ್ ಅನ್ನು ಏರಿಸುತ್ತವೆ. ಪರೋಟ, ಬಿಳಿ ಅನ್ನ, ಬೇಕರಿ ತಿನಿಸು ಮತ್ತು ಸಕ್ಕರೆ ತುಂಬಿದ ಚಹಾ ಟ್ರೈಗ್ಲಿಸರೈಡನ್ನು ಏರಿಸುತ್ತವೆ. ತುಪ್ಪದ ಅನ್ನ, ಅದರ ಮೇಲೆ ಮಾಂಸದ ಸಾರು, ಕೊನೆಗೆ ಐಸ್‌ಕ್ರೀಂ ಎಂಬ ನಮ್ಮ ಮದುವೆಯೂಟ ಎರಡನ್ನೂ ಒಟ್ಟಿಗೆ ಏರಿಸುತ್ತದೆ. ಹಿಂದೆ ಇಂಥ ಊಟ ವರ್ಷಕ್ಕೆ ನಾಲ್ಕೈದು ಬಾರಿ ಇರುತ್ತಿತ್ತು. ಅದನ್ನು ಉಂಡವರು ಮರುದಿನ ಗದ್ದೆಗೋ, ದೋಣಿಗೋ, ಬೀಡಿ ಎಲೆಯ ಹೊರೆ ಹೊರಲೋ ಹೋಗುತ್ತಿದ್ದರು. ಈಗ ನಿಶ್ಚಿತಾರ್ಥ, ಮದರಂಗಿ, ನಿಕಾಹ್, ವಲೀಮಾ, ಬೀಗರ ಊಟ ಎಂದು ಒಂದೇ ಮದುವೆಗೆ ಐದು ಔತಣಗಳು. ದುಂದುವೆಚ್ಚದ ಮದುವೆಗಳಿಂದ ಬಡ ಹೆಣ್ಣು ಮಕ್ಕಳ ಪಾಲಕರು ಸಾಲದಲ್ಲಿ ಮುಳುಗುತ್ತಿದ್ದಾರೆ ಎಂದು ನಾವು ಆಗಾಗ ಚರ್ಚಿಸುತ್ತೇವೆ. ಉಂಡವರ ರಕ್ತನಾಳಗಳಲ್ಲಿ ಬೆಳೆಯುವ ಸಾಲದ ಬಗ್ಗೆ ಚರ್ಚಿಸುವುದಿಲ್ಲ.

ರಮಝಾನ್ ಬಂದರೂ ಇದೇ ಕಥೆ. ಹಗಲಿಡೀ ಹಸಿವನ್ನು ಗೆದ್ದವರು ಸಂಜೆ ಕರಿದ ಸಮೋಸ ಮತ್ತು ಶರಬತ್ತಿನ ಮುಂದೆ ಸೋಲುತ್ತಾರೆ. ಕುದಿಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕುದಿಸಿ ಕರಿಯುವ ಬೀದಿ ಬದಿಯ ತಿನಿಸುಗಳಿಗೆ ಆ ಒಂದು ತಿಂಗಳು ಹಬ್ಬ. ಆಹಾರದ ಎಣ್ಣೆ ಕೊಬ್ಬುಗಳಲ್ಲಿ ಕೃತಕ ಟ್ರಾನ್ಸ್ ಕೊಬ್ಬು 2 ಶೇಕಡಾ ಮೀರಬಾರದೆಂಬ ನಿಯಮ 2022ರ ಜನವರಿಯಿಂದ ದೇಶದಲ್ಲಿ ಜಾರಿಗೆ ಬಂದಿದೆ. ಆದರೆ ಬಾಣಲೆಯಲ್ಲಿ ಕಪ್ಪಾಗುವ ಎಣ್ಣೆಯನ್ನು ಯಾವ ನಿಯಮ ಕಾಯುತ್ತದೆ? ಉಪವಾಸದ ಉದ್ದೇಶ ಸಂಯಮವಾಗಿರುವಾಗ ಆ ತಿಂಗಳಲ್ಲೇ ಹಲವರ ಸೊಂಟದ ಸುತ್ತಳತೆ ಹೆಚ್ಚುವುದು ಯಾವುದರ ಲಕ್ಷಣ? ಹಾಗೆಯೇ ಇನ್ಸುಲಿನ್ ಪಡೆಯುವವರು ಮತ್ತು ಇತ್ತೀಚೆಗೆ ಹೃದಯಾಘಾತಕ್ಕೊಳಗಾದವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯುವುದು, ಮಾತ್ರೆಯ ಹೊತ್ತನ್ನು ತಾವೇ ಬದಲಿಸುವುದು ಧರ್ಮನಿಷ್ಠೆಯೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ. ರೋಗಿಗೆ ವಿನಾಯಿತಿ ಇರುವುದು ಬಳಸುವುದಕ್ಕಾಗಿಯೇ.

ಇಲ್ಲಿ ಮಹಿಳೆಯರ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಹೃದಯಾಘಾತವು ಗಂಡಸರ ಕಾಯಿಲೆ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಮುಟ್ಟು ನಿಂತ ಬಳಿಕ ಮಹಿಳೆಯರ ಎಲ್‌ಡಿಎಲ್ ಏರುತ್ತದೆ. ಮಧುಮೇಹವಿದ್ದರಂತೂ ಹೆಣ್ಣೆಂಬ ರಕ್ಷಣೆ ಬಹುಪಾಲು ಕಳೆದುಹೋಗುತ್ತದೆ. ಅವರಲ್ಲಿ ಎದೆನೋವಿನ ಜೊತೆಗೆ ಅಥವಾ ಅದಿಲ್ಲದೆಯೂ ಉಸಿರಾಟದ ಕಷ್ಟ, ವಾಕರಿಕೆ, ದವಡೆ ಮತ್ತು ಬೆನ್ನಿನ ನೋವು, ವಿವರಿಸಲಾಗದ ದಣಿವು ಕಾಣಿಸಿಕೊಳ್ಳಬಹುದು. ಅದನ್ನು ಗ್ಯಾಸ್ಟ್ರಿಕ್ ಎಂದು ಕರೆದು ಮನೆಮಂದಿಯ ಊಟ ಮುಗಿಯುವವರೆಗೆ ಅಡುಗೆ ಕೋಣೆಯಲ್ಲೇ ನಿಲ್ಲುವ ತಾಯಂದಿರು ಎಷ್ಟಿಲ್ಲ? ಗಂಡಸರಿಗಾದರೂ ಮಸೀದಿಗೆ, ಮಾರುಕಟ್ಟೆಗೆ ನಡೆದು ಹೋಗುವ ಅವಕಾಶವಿದೆ. ಪೇಟೆಯ ಫ್ಲ್ಯಾಟುಗಳಲ್ಲಿ ವಾಸಿಸುವ ಮಹಿಳೆಗೆ ಅದೂ ಇಲ್ಲ. ಅವಳು ಸಂಜೆ ಅರ್ಧ ಗಂಟೆ ವೇಗವಾಗಿ ನಡೆಯಲು ಹೊರಟರೆ ನೆರೆಹೊರೆ ಏನನ್ನುತ್ತದೋ ಎಂದು ಮನೆಯ ಗಂಡಸರೇ ಅಳುಕುತ್ತಾರೆ. ಬುರ್ಖಾ ಧರಿಸಿ ಮದುವೆಗೆ ಹೋಗಬಹುದಾದರೆ ನಡಿಗೆಗೂ ಹೋಗಬಹುದು. ಇಷ್ಟು ಸಣ್ಣ ಸಂಗತಿಗೆ ಅಪ್ಪಣೆಯ ಅಗತ್ಯವಿರುವುದೇ ನಮ್ಮ ಸಮಸ್ಯೆ.

ರಕ್ತಸಂಬಂಧದ ಮದುವೆಗಳೂ ಇಲ್ಲಿ ಪ್ರಸ್ತುತವಾಗುತ್ತವೆ. ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಹೆಚ್ಚಿರುವ ಅನುವಂಶಿಕ ದೋಷವಿರುತ್ತದೆ. ಅದು ಕುಟುಂಬದಲ್ಲಿ ಹರಿದು ಬರುವಂಥದ್ದು. ತಂದೆ ತಾಯಿ ಇಬ್ಬರಲ್ಲೂ ಆ ದೋಷವಿದ್ದರೆ ಪ್ರತಿ ಮಗುವಿಗೂ ಅದು ಇಮ್ಮಡಿಯಾಗಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನೊಬೆಲ್ ತಂದ ಅಧ್ಯಯನದ ಮಕ್ಕಳು ಇಂಥವರೇ. ಸೋದರ ಸಂಬಂಧದ ಮದುವೆ ಈ ರಾಜ್ಯದಲ್ಲಿ ಎಲ್ಲ ಧರ್ಮೀಯರಲ್ಲೂ ಇದೆ. ಅದು ನಿಷಿದ್ಧವೂ ಅಲ್ಲ. ಆದರೆ 55ರ ಮೊದಲು ಹೃದಯಾಘಾತವಾದ ಗಂಡಸರು, 65ರ ಮೊದಲು ಆದ ಹೆಂಗಸರು ಇರುವ ಕುಟುಂಬದೊಳಗೆ ಮತ್ತೆ ಸಂಬಂಧ ಬೆಳೆಸುವ ಮೊದಲು ಹುಡುಗ ಹುಡುಗಿಯ ರಕ್ತ ಪರೀಕ್ಷೆ ಮಾಡಿಸುವುದು ವರನ ಕಾರಿನ ಮಾಡೆಲ್ ವಿಚಾರಿಸುವುದಕ್ಕಿಂತ ಮುಖ್ಯವಲ್ಲವೇ?

ಹಾಗೆಂದು ಹೊಣೆಯನ್ನೆಲ್ಲ ಮನೆಗಳ ಮೇಲೆ ಹೊರಿಸಿ ಸರಕಾರವನ್ನು ಬಿಟ್ಟುಬಿಡುವಂತಿಲ್ಲ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ನಿಧನರಾದಾಗಲೂ ಹೀಗೆಯೇ ಆಸ್ಪತ್ರೆಗಳ ಮುಂದೆ ಸಾಲು ಬೆಳೆದಿತ್ತು. ಅವರ ಹೆಸರಿನಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆಯಾಯಿತು. ಇದು ಸ್ತುತ್ಯರ್ಹ. ಆದರೆ ಅದು ಆಘಾತವಾದ ಮೇಲಿನ ಕಥೆ. ಆಘಾತಕ್ಕಿಂತ ಇಪ್ಪತ್ತು ವರ್ಷ ಮೊದಲಿನ ಕಥೆ ಏನು? 30 ದಾಟಿದವರ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು ಸೊಂಟದ ಸುತ್ತಳತೆಯನ್ನು ಅಳೆದು ಬರೆದುಕೊಳ್ಳುತ್ತಾರೆ. ರಕ್ತದೊತ್ತಡ, ಸಕ್ಕರೆ ಮತ್ತು ಮೂರು ಬಗೆಯ ಕ್ಯಾನ್ಸರ್‌ಗಳ ತಪಾಸಣೆ ಅದರಲ್ಲಿದೆ. ಇಂಟರ್‌ಹಾರ್ಟ್ ಮೊದಲ ಸ್ಥಾನ ನೀಡಿದ ರಕ್ತದ ಕೊಬ್ಬಿನ ಪರೀಕ್ಷೆ ಅದರಲ್ಲಿಲ್ಲ. ಲಸಿಕೆಯ ಬಗ್ಗೆ ವಾರಗಟ್ಟಲೆ ಕಚ್ಚಾಡಿದ ಪಕ್ಷಗಳಲ್ಲಿ ಒಂದಾದರೂ ಈ ಕೊರತೆಯನ್ನು ಚುನಾವಣಾ ವಿಷಯವಾಗಿಸುವ ಧೈರ್ಯ ತೋರಬಹುದೇ? ಹಾಸನದ ಮೃತರಲ್ಲಿ ಆಟೋ, ಟ್ಯಾಕ್ಸಿ ಚಾಲಕರು ಎದ್ದು ಕಾಣುವಷ್ಟಿದ್ದರು. ದಿನಗೂಲಿಯವನು ಅರ್ಧ ದಿನದ ದುಡಿಮೆ ಬಿಟ್ಟು ಖಾಸಗಿ ಲ್ಯಾಬಿಗೆ ಹಣ ತೆತ್ತು ಪರೀಕ್ಷಿಸಿಕೊಳ್ಳಲಿ ಎಂದು ನಿರೀಕ್ಷಿಸುವುದು ಆಡಳಿತದ ಲಕ್ಷಣವಲ್ಲ.

ಸರಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯುವ ಅಗತ್ಯವೂ ಇಲ್ಲ. ನಮ್ಮ ಜಮಾಅತ್ ಕಮಿಟಿಗಳು, ಯುವಕ ಸಂಘಗಳು ರಕ್ತದಾನ ಶಿಬಿರ, ಕಣ್ಣಿನ ಶಿಬಿರ ನಡೆಸುತ್ತಿವೆ. ಅದೇ ಶಿಬಿರದಲ್ಲಿ ಒಂದು ಟೇಪು, ಒಂದು ರಕ್ತದೊತ್ತಡದ ಯಂತ್ರ ಮತ್ತು ಲಿಪಿಡ್ ಪರೀಕ್ಷೆಯನ್ನು ಸೇರಿಸಿದರೆ ಸಾಕು. ಈ ಪರೀಕ್ಷೆಗೆ ಸಾಮಾನ್ಯವಾಗಿ ಖಾಲಿ ಹೊಟ್ಟೆಯೂ ಬೇಕಿಲ್ಲ ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ. ಅದೇ ಮಾರ್ಗಸೂಚಿಯ ಪ್ರಕಾರ ಎಲ್‌ಡಿಎಲ್ ಸಾಮಾನ್ಯರಲ್ಲಿ 100ಕ್ಕಿಂತ, ಮಧುಮೇಹ ಅಥವಾ ರಕ್ತದೊತ್ತಡವಿರುವಂಥ ಹೆಚ್ಚಿನ ಅಪಾಯದವರಲ್ಲಿ 70ಕ್ಕಿಂತ, ಈಗಾಗಲೇ ಹೃದಯಾಘಾತವಾದವರಲ್ಲಿ 55ಕ್ಕಿಂತ ಕಡಿಮೆ ಇರಬೇಕು. ಹಾಗೆಯೇ ಲಿಪೊಪ್ರೋಟೀನ್-ಎ ಎಂಬ ಇನ್ನೊಂದು ಕಣವನ್ನು ಜೀವನದಲ್ಲಿ ಒಮ್ಮೆಯಾದರೂ ಪರೀಕ್ಷಿಸಿಕೊಳ್ಳಬೇಕು. ಅದು ಅನುವಂಶಿಕವಾದುದು, ಭಾರತೀಯರ ಪೈಕಿ ನಾಲ್ವರಲ್ಲಿ ಒಬ್ಬರಿಗೆ ಹೆಚ್ಚಿರುತ್ತದೆ.

ಪ್ರತಿ ಮನೆಯವರೂ ನೆನಪಿಡಬೇಕಾದ ಐದು ಸಂಖ್ಯೆಗಳಿವೆ. ಸೊಂಟ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್. ರಕ್ತದೊತ್ತಡ 130/85. ಖಾಲಿ ಹೊಟ್ಟೆಯ ಸಕ್ಕರೆ 100. ಟ್ರೈಗ್ಲಿಸರೈಡ್ 150. ಈ ನಾಲ್ಕು ಇಷ್ಟನ್ನು ಮುಟ್ಟಬಾರದು. ಎಚ್‌ಡಿಎಲ್ ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50ಕ್ಕಿಂತ ಇಳಿಯಬಾರದು. ಐದರಲ್ಲಿ ಮೂರು ತಪ್ಪಿದ್ದರೆ ಎಲ್‌ಡಿಎಲ್ ಎಷ್ಟೇ ನಾರ್ಮಲ್ ಇರಲಿ, ನಿಶ್ಚಿಂತೆ ಸಲ್ಲದು. ಐದೂ ಸರಿಯಿದ್ದು ಎಲ್‌ಡಿಎಲ್ ಏರಿದ್ದರೂ ನಿಶ್ಚಿಂತೆ ಸಲ್ಲದು. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸುವ ಯಾರ ಮಾತನ್ನೂ, ಅವರು ಬಿಳಿ ಕೋಟು ಧರಿಸಿರಲಿ, ಯೂಟ್ಯೂಬಿನಲ್ಲಿ ಲಕ್ಷ ಮಂದಿ ಅನುಯಾಯಿಗಳನ್ನು ಹೊಂದಿರಲಿ, ಒಪ್ಪಬೇಕಾಗಿಲ್ಲ.

ಮರಣದ ಸಮಯ ನಮ್ಮ ಕೈಯಲ್ಲಿಲ್ಲ ಎಂಬುದು ನಮ್ಮ ನಂಬಿಕೆ. ಆ ನಂಬಿಕೆ ನಿರ್ಲಕ್ಷ್ಯಕ್ಕೆ ಪರವಾನಿಗೆಯಾಗಬಾರದು. ರಸ್ತೆ ದಾಟುವಾಗ ಎರಡೂ ಬದಿಗಳನ್ನು ನೋಡುವ ನಾವು, ಮನೆಗೆ ಬೀಗ ಹಾಕಿ ಮಲಗುವ ನಾವು, ದೇಹದ ವಿಷಯದಲ್ಲಿ ಮಾತ್ರ ವಿಧಿಯನ್ನು ಮುಂದಿಡುವುದು ಎಷ್ಟು ಸರಿ? ದೇಹವು ನಮ್ಮ ಸೊತ್ತಲ್ಲ, ಅಮಾನತ್ತು ಎನ್ನುತ್ತೇವೆ. ಅಮಾನತ್ತಿನ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ನೋಡದವನನ್ನು ಅಂಗಡಿಯಲ್ಲಿ ಯಾರೂ ನಂಬಿಗಸ್ಥ ಎನ್ನಲಾರರು. ಈ ವಾರ ಮನೆಯಲ್ಲಿ 30 ದಾಟಿದವರೆಲ್ಲ, ವಿಶೇಷವಾಗಿ ಅಡುಗೆ ಕೋಣೆಯಲ್ಲಿ ಎಲ್ಲರ ನಂತರ ಉಣ್ಣುವವರು, ಮೊದಲು ಆ ಟೇಪನ್ನು ಕೈಗೆತ್ತಿಕೊಳ್ಳಲಿ.